ಅಮೈನೋ ಆಮ್ಲದ ಡಬ್ಬಿ ಮತ್ತು ಜೋಳದ ಊಟ: ಆಹಾರ ತಜ್ಞೆಯೊಬ್ಬಳ ಅನುಭವ

ನಿದ್ದೆ ಹತ್ತುವುದಿಲ್ಲ, ಮನಸ್ಸು ಭಾರವಾಗಿದೆ, ಯಾವ ಕೆಲಸದಲ್ಲೂ ಉತ್ಸಾಹವಿಲ್ಲ ಎಂದು ಕಲಬುರಗಿಯ ನನ್ನ ಸಮಾಲೋಚನಾ ಕೊಠಡಿಗೆ ಬರುವವರಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ಕೈಯಲ್ಲಿ ಒಂದು ಡಬ್ಬಿಯನ್ನೂ ಹಿಡಿದು ಬರುತ್ತಾರೆ. ಅದರಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಬಿಡಿ ಘಟಕ) ಇರುತ್ತದೆ, ಇಲ್ಲವೇ ದೇಹದಲ್ಲಿ ಅದರಿಂದಲೇ ಹುಟ್ಟುವ 5-ಎಚ್‌ಟಿಪಿ ಇರುತ್ತದೆ. ಕೆಲವರದು ಟೈರೊಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ, ಜಿಮ್‌ಗೆ ಹೋಗುವ ಹುಡುಗರದು ಬಿಸಿಎಎ ಪುಡಿ. ಇದನ್ನು ತೆಗೆದುಕೊಳ್ಳಬೇಕೇ ಬೇಡವೇ ಎಂಬ ಅವರ ಪ್ರಶ್ನೆಯನ್ನು ಆಹಾರ ತಜ್ಞೆಯಾಗಿ ನಾನು ಹೇಗೆ ಬಿಡಿಸುತ್ತ ಬಂದಿದ್ದೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೊದಲು ನೋಡುವುದು ಡಬ್ಬಿಯನ್ನಲ್ಲ, ಅವರು ಆಗಲೇ ನುಂಗುತ್ತಿರುವ ಗುಳಿಗೆಗಳನ್ನು. ಜೇವರ್ಗಿ ಕಡೆಯ ಒಬ್ಬ ಶಿಕ್ಷಕಿ 5-ಎಚ್‌ಟಿಪಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, “ಇದು ತೊಗೊಂಡ್ರ ನಿದ್ದಿ ಛಲೋ ಹತ್ತತದಂತ ನಮ್ಮ ತಮ್ಮ ತರಿಸ್ಯಾನ್ರಿ ಮೇಡಂ, ಔಷಧ ಅಲ್ಲ, ಏನೂ ಆಗಂಗಿಲ್ಲ ಅಂತಾನ” ಎಂದರು. “ಅದು ಇರ್ಲಿ ಅಕ್ಕೋರೆ, ಈಗ ಯಾವ್ಯಾವ ಗುಳಿಗಿ ನಡದಾವ, ಎಲ್ಲಾ ತೋರಸ್ರಿ” ಎಂದೆ. ಅವರ ಚೀಲದಿಂದ ಹೊರಬಂದ ಪಟ್ಟಿಗಳಲ್ಲಿ ಒಂದು ಖಿನ್ನತೆಗೆ ವೈದ್ಯರು ಬರೆದ ಎಸ್ಸಿಟಾಲೊಪ್ರಾಮ್, ಇನ್ನೊಂದು ಮೊಣಕಾಲು ನೋವಿಗೆ ಕೊಟ್ಟ ಟ್ರಾಮಡಾಲ್. ಇವೆರಡೂ ಮನಸ್ಥಿತಿ, ನಿದ್ದೆಗಳ ಮೇಲೆ ಕೆಲಸ ಮಾಡುವ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುವ ಔಷಧಗಳು; ಅವುಗಳ ಮೇಲೆ ದೇಹದಲ್ಲಿ ಸೆರೊಟೋನಿನ್ ಆಗಿ ಮಾರ್ಪಡುವ 5-ಎಚ್‌ಟಿಪಿಯೂ ಸೇರಿದರೆ ನಡುಕ, ವಿಪರೀತ ಬೆವರು, ಎದೆಬಡಿತ, ಜ್ವರ, ಗೊಂದಲ ಕಾಣಿಸಿಕೊಳ್ಳುವ ಸೆರೊಟೋನಿನ್ ಸಿಂಡ್ರೋಮ್ ಉಂಟಾಗಬಹುದು, ಅದು ತೀವ್ರವಾದರೆ ಪ್ರಾಣಕ್ಕೂ ಅಪಾಯ. ಅವರೆದುರಿಗೇ ಅವರ ವೈದ್ಯರಿಗೆ ಫೋನ್ ಮಾಡಿದೆ. ಡಬ್ಬಿಯನ್ನು ಮುಟ್ಟಬಾರದು, ಗುಳಿಗೆಗಳನ್ನು ತಾವಾಗಿ ನಿಲ್ಲಿಸಲೂಬಾರದು, ನೋವಿನ ಗುಳಿಗೆಯ ವಿಚಾರವನ್ನು ಮುಂದಿನ ಭೇಟಿಯಲ್ಲಿ ನೋಡೋಣ ಎಂದು ವೈದ್ಯರು ತಿಳಿಸಿದರು.

ಆಹಾರದಲ್ಲಿರುವ ವಸ್ತುವೇ ಅಲ್ಲವೇ, ಇಷ್ಟು ಭಯ ಏಕೆ ಎಂದು ಅವರು ಕೇಳಿದ್ದು ಸಹಜ. ಊಟದಿಂದ ಬಂದ ಟ್ರಿಪ್ಟೊಫಾನ್‌ನಲ್ಲಿ ಬಹುಪಾಲು ದೇಹದ ಬೇರೆ ಕೆಲಸಗಳಿಗೆ ಹೋಗಿ, ಅತಿ ಸಣ್ಣ ಭಾಗ ಮಾತ್ರ ಸೆರೊಟೋನಿನ್ ಆಗುತ್ತದೆ. ಟ್ರಿಪ್ಟೊಫಾನ್ 5-ಎಚ್‌ಟಿಪಿಯಾಗುವ ಮೊದಲ ಹಂತದಲ್ಲಿಯೇ ದೇಹ ತನ್ನ ಹಿಡಿತವನ್ನು ಇಟ್ಟುಕೊಂಡಿದೆ. 5-ಎಚ್‌ಟಿಪಿಯನ್ನು ನೇರವಾಗಿ ನುಂಗಿದಾಗ ಆ ಹಿಡಿತವೇ ತಪ್ಪುತ್ತದೆ. ಇನ್ನು ಟ್ರಿಪ್ಟೊಫಾನ್ ರಕ್ತದಿಂದ ಮಿದುಳಿಗೆ ದಾಟುವಾಗ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಟೈರೊಸಿನ್, ಫಿನೈಲಅಲನಿನ್ ಎಂಬ ಬೇರೆ ಅಮೈನೋ ಆಮ್ಲಗಳೆಲ್ಲವೂ ಅದೇ ದಾರಿಗೆ ನುಗ್ಗುತ್ತವೆ. ಜಾತ್ರೆಯ ದಿನ ಬಸ್ಸಿನ ಒಂದೇ ಬಾಗಿಲಿಗೆ ಜನ ಮುಗಿಬಿದ್ದ ಹಾಗೆ, ಸಂಖ್ಯೆಯಲ್ಲಿ ಕಡಿಮೆಯಿರುವ ಟ್ರಿಪ್ಟೊಫಾನ್ ಹಿಂದೆ ಉಳಿಯುತ್ತದೆ. ಹಾಲು ಕುಡಿದರೆ ಅದರ ಟ್ರಿಪ್ಟೊಫಾನ್‌ನಿಂದ ನಿದ್ದೆ ಬರುತ್ತದೆ ಎಂಬ ಮಾತನ್ನು ನಾನು ಯಾರಿಗೂ ಹೇಳದಿರುವುದು ಇದೇ ಕಾರಣಕ್ಕೆ: ಹಾಲಿನಲ್ಲಿ ಉಳಿದ ಪೈಪೋಟಿಗಾರರೂ ಧಾರಾಳವಾಗಿರುತ್ತಾರೆ.

ಈ ಪೈಪೋಟಿಯ ಕಥೆಗೂ ನಮ್ಮ ನಾಡಿಗೂ ಹಳೆಯ ನಂಟಿದೆ. ಚರ್ಮ ಕಪ್ಪಾಗಿ ಸುಲಿಯುವ, ಭೇದಿಯಾಗುವ, ಮನಸ್ಸು ಕುಗ್ಗಿ ಕೊನೆಗೆ ಬುದ್ಧಿಭ್ರಮಣೆಯೂ ಆಗುವ ಪೆಲ್ಲಾಗ್ರ ರೋಗ ನಯಾಸಿನ್ ಎಂಬ ಬಿ3 ವಿಟಮಿನ್ನಿನ ಕೊರತೆಯಿಂದ ಬರುತ್ತದೆ; ದೇಹ ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫಾನ್‌ನಿಂದ 1 ಮಿಲಿಗ್ರಾಂ ನಯಾಸಿನ್ ತಯಾರಿಸಿಕೊಳ್ಳಬಲ್ಲದು. ಮೆಕ್ಕೆಜೋಳ ಉಣ್ಣುವವರ ರೋಗವೆಂದು ಜಗತ್ತು ತಿಳಿದಿದ್ದ ಪೆಲ್ಲಾಗ್ರವನ್ನು ದಖ್ಖನ್ನಿನ ಜೋಳ ಉಣ್ಣುವ ಬಡವರಲ್ಲಿ ಗುರುತಿಸಿ 1960ರ ದಶಕದಲ್ಲಿ ಅಧ್ಯಯನ ಮಾಡಿದವರು ಹೈದರಾಬಾದಿನ ಪೌಷ್ಟಿಕಾಂಶ ಸಂಸ್ಥೆಯ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಈ ನಯಾಸಿನ್ ತಯಾರಿಕೆಗೆ ಅಡ್ಡ ಬರುತ್ತದೆ ಎಂಬುದು ಅವರ ವಿವರಣೆಯಾಗಿತ್ತು; ಆ ವಿವರಣೆಯನ್ನು ಎಲ್ಲರೂ ಒಪ್ಪಲಿಲ್ಲ, ಆದರೆ ಒಂದೇ ಧಾನ್ಯದ ಮೇಲೆ ನಿಂತ ಊಟ ಮನಸ್ಸನ್ನೂ ಕೆಡಿಸಬಲ್ಲದು ಎಂಬ ಪಾಠ ಅಲ್ಲಿದೆ. ಇಂದು ನನ್ನ ಬಳಿ ಬರುವವರಿಗೆ ಪೆಲ್ಲಾಗ್ರ ಇರುವುದಿಲ್ಲ. ಆದರೂ ಜೋಳದ ರೊಟ್ಟಿಯ ಜೊತೆಗೆ ಏನಿದೆ ಎಂಬುದನ್ನು ಕೇಳದೆ ನಾನು ಯಾರ ಡಬ್ಬಿಯ ವಿಚಾರವನ್ನೂ ಮಾತಾಡುವುದಿಲ್ಲ.

ಶಿಕ್ಷಕಿಯ ಊಟವನ್ನು ಹಾಳೆಯ ಮೇಲೆ ಬರೆದುಕೊಂಡೆವು. ಬೆಳಿಗ್ಗೆ ಚಹಾ ಮತ್ತು ಸುಸಲಾ, ಶಾಲೆಯಲ್ಲಿ ಎರಡು ರೊಟ್ಟಿ ಮತ್ತು ಪುಂಡಿ ಪಲ್ಯ, ರಾತ್ರಿ ಅನ್ನ ಮತ್ತು ತೆಳ್ಳಗಿನ ಸಾರು. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಅದರಿಂದ ಸಿಗುವ ಪ್ರೋಟೀನ್ 5 ಗ್ರಾಂ. ಎಲ್ಲವನ್ನೂ ಕೂಡಿಸಿದರೂ ದಿನಕ್ಕೆ 30 ಗ್ರಾಂ ಆಸುಪಾಸಿಗೆ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನ ಪ್ರಕಾರ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ, ಎಂದರೆ 55 ಕಿಲೋ ತೂಕದ ಅವರಿಗೆ ಸುಮಾರು 46 ಗ್ರಾಂ ಬೇಕು. ಧಾನ್ಯವೇ ಮುಖ್ಯವಾದ ಊಟವಾದ್ದರಿಂದ ನಾನು ಕಿಲೋಗೆ 1 ಗ್ರಾಂ ಎಂದೇ ಲೆಕ್ಕ ಹಿಡಿಯುತ್ತೇನೆ. ಇಷ್ಟು ಕೊರತೆಯಿದ್ದಾಗ ಒಂದೇ ಒಂದು ಅಮೈನೋ ಆಮ್ಲವನ್ನು ಡಬ್ಬಿಯಿಂದ ತುಂಬಿಸುವುದರಲ್ಲಿ ಅರ್ಥವಿಲ್ಲ, ಏಕೆಂದರೆ ದೇಹಕ್ಕೆ ಹೊರಗಿನಿಂದಲೇ ಬೇಕಾದ ಒಂಬತ್ತು ಅಮೈನೋ ಆಮ್ಲಗಳೂ ಒಟ್ಟಿಗೆ ಸಿಗಬೇಕು. ಜೋಳದಲ್ಲಿ ಲೈಸಿನ್ ಕಡಿಮೆ, ತೊಗರಿಯಲ್ಲಿ ಅದು ಸಮೃದ್ಧ; ತೊಗರಿಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಜೋಳದಲ್ಲೂ ಎಳ್ಳಿನಲ್ಲೂ ಇದೆ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೇಳೆ ಮನೆಯಲ್ಲಿರುವಾಗ ಸಾರನ್ನು ತೆಳ್ಳಗೆ ಮಾಡಿಕೊಳ್ಳುವುದು ಬೇಡ ಎಂದು ಹೇಳಿ, ದಿನಕ್ಕೆ 50 ಗ್ರಾಂ ಬೇಳೆ ಹಾಕಿದ ಗಟ್ಟಿ ಬ್ಯಾಳಿ, ಒಂದು ಮುಷ್ಟಿ ಶೇಂಗಾ ಅಥವಾ ಅದರ ಹಿಂಡಿ (ಚಟ್ನಿಪುಡಿ), ಮೊಳಕೆ ಬರಿಸಿದ ಹೆಸರುಕಾಳು, ಒಂದು ಬಟ್ಟಲು ಮೊಸರು ಎಂದು ಬರೆದುಕೊಟ್ಟೆ. ಲೆಕ್ಕ 55 ದಾಟಿತು.

ಜೊತೆಗೆ ವೈದ್ಯರಿಗೆ ಹೇಳಿ ಹಿಮೋಗ್ಲೋಬಿನ್, ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದೆವು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದರ ಲಕ್ಷಣಗಳು ಖಿನ್ನತೆಯಂತೆಯೇ ಕಾಣುತ್ತವೆ. ಅವರಲ್ಲೂ ಅದು ಕಡಿಮೆಯಿತ್ತು, ವೈದ್ಯರು ಚಿಕಿತ್ಸೆ ಕೊಟ್ಟರು. ಕೆಲವು ತಿಂಗಳ ನಂತರ ನಿದ್ದೆಯೂ ಮುಖದ ಕಳೆಯೂ ಸುಧಾರಿಸಿದ್ದವು. ಇದರಲ್ಲಿ ಬ್ಯಾಳಿಯ ಪಾಲೆಷ್ಟು, ಬಿ12 ಪಾಲೆಷ್ಟು, ಎಸ್ಸಿಟಾಲೊಪ್ರಾಮ್ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಹಾಗೆ ಬೇರ್ಪಡಿಸಿ ಹೇಳುವ ಜಾಹೀರಾತುಗಳನ್ನು ನಾನು ನಂಬುವುದೂ ಇಲ್ಲ.

ಟೈರೊಸಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಪರೀತ ಚಳಿ, ನಿದ್ದೆಗೇಡು ಮುಂತಾದ ಒತ್ತಡದಲ್ಲಿ ತಾತ್ಕಾಲಿಕವಾಗಿ ಗಮನಶಕ್ತಿಗೆ ನೆರವಾಗಬಹುದು. ಖಿನ್ನತೆಗೆ ಅದನ್ನು ಔಷಧವೆಂದು ನಂಬಲು ಆಧಾರವಿಲ್ಲ. ಬಿಸಿಎಎ ಎಂದರೆ ಲ್ಯೂಸಿನ್ ಮುಂದಾಳಾಗಿರುವ ಮೂರೇ ಅಮೈನೋ ಆಮ್ಲಗಳು. ಹೊಟ್ಟೆತುಂಬ ಬೇಳೆ, ಮೊಟ್ಟೆ, ಹಾಲು ಸಿಗುತ್ತಿರುವ ಹುಡುಗರಿಗೆ ಅದು ದುಡ್ಡಿನ ದಂಡ, ಸಿಗದವರಿಗೆ ಆ ಮೂರರಿಂದ ಹೊಟ್ಟೆ ತುಂಬುವುದಿಲ್ಲ ಎಂದು ನೇರವಾಗಿಯೇ ಹೇಳುತ್ತೇನೆ.

ಇಷ್ಟಾದ ಮೇಲೂ ಟ್ರಿಪ್ಟೊಫಾನ್ ಬೇಕು ಎನ್ನುವವರಿಗೆ 1989ರಲ್ಲಿ ಅಮೆರಿಕದಲ್ಲಿ ನಡೆದುದನ್ನು ವಿವರಿಸುತ್ತೇನೆ: ಒಂದೇ ತಯಾರಕರ ಟ್ರಿಪ್ಟೊಫಾನ್ ನುಂಗಿದ ಜನರಲ್ಲಿ ತೀವ್ರ ಸ್ನಾಯುನೋವಿನ ಕಾಯಿಲೆ ಹಬ್ಬಿ, 1,500ಕ್ಕೂ ಹೆಚ್ಚು ಮಂದಿ ಬಳಲಿ, 30ಕ್ಕೂ ಹೆಚ್ಚು ಜನ ಸತ್ತರು, ತಯಾರಿಕೆಯಲ್ಲಿ ಸೇರಿದ ಕಲ್ಮಶಗಳ ಮೇಲೆ ಮುಖ್ಯವಾಗಿ ಸಂಶಯ ಬಿತ್ತು. ಆದ್ದರಿಂದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇಲ್ಲದ ಡಬ್ಬಿಯನ್ನು ಬೇಡವೆನ್ನುತ್ತೇನೆ. ಗರ್ಭಿಣಿಯರಿಗೆ, ಬಾಣಂತಿಯರಿಗೆ, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆಯಿರುವವರಿಗೆ, ಮನೋರೋಗದ ಔಷಧ ತೆಗೆದುಕೊಳ್ಳುವವರಿಗೆ ವೈದ್ಯರ ಲಿಖಿತ ಒಪ್ಪಿಗೆಯಿಲ್ಲದೆ ಮುಂದುವರಿಯಲು ಬಿಡುವುದಿಲ್ಲ. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿದ್ದರೆ ಊಟದ ಹಾಳೆಯ ಕೆಳಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಎಂದು ದಪ್ಪಕ್ಷರದಲ್ಲಿ ಬರೆದು, ಅವರು ಎದ್ದು ಹೋಗುವ ಮುನ್ನವೇ ಅದಕ್ಕೆ ಕರೆ ಮಾಡಿಸುತ್ತೇನೆ.