ಅರಿಜೋನಾಕ್ಕೆ ಹೊರಟಿರುವ ನಮ್ಮ ಮಂಗ್ಳೂರು-ಉಡ್ಪಿಯವರಿಗೆ: ಮನೆ ಪೂಲಿನ ಸ್ಟೆಬಿಲೈಸರ್ ವಿಷಯ

ಫೀನಿಕ್ಸ್, ಚಾಂಡ್ಲರ್, ಗಿಲ್ಬರ್ಟ್ ಕಡೆ ಮನೆ ನೋಡ್ಲಿಕ್ಕೆ ಶುರು ಮಾಡಿದ್ರೆ ಹಿತ್ತಲಲ್ಲಿ ಪೂಲ್ ಇರುವ ಮನೆಗಳೇ ತುಂಬ ಸಿಗ್ತವೆ. ನಾನೀಗ ರಜೆಯಲ್ಲಿ ಕಟಪಾಡಿಯ ಮನೆಗೆ ಬಂದಿದ್ದೇನೆ, ಹೊರಟು ನಿಂತವರು ಫೋನ್ ಮಾಡಿ ಸ್ಕೂಲು, ಲೈಸೆನ್ಸು, ಕಾರು ಎಲ್ಲ ಕೇಳ್ತಾರೆ, ಪೂಲ್ ಮಾತು ಬಂದ್ರೆ ಮಾತ್ರ "ಅದಕ್ಕೆಂತ, ಕ್ಲೋರಿನ್ ಮಾತ್ರೆ ಹಾಕಿದ್ರೆ ಆಯ್ತಲ್ಲ" ಅಂತ ಬಿಟ್ಟುಬಿಡ್ತಾರೆ. ಆ ಮಾತ್ರೆಯಲ್ಲೇ ಇರುದು ವಿಷಯ, ಹಾಗಾಗಿ ಒಮ್ಮೆ ಕೂತು ಬರೀತಿದ್ದೇನೆ.

ಸ್ಟೆಬಿಲೈಸರ್ ಅಂದ್ರೆ ಸಯನ್ಯೂರಿಕ್ ಆಸಿಡ್, ಟೆಸ್ಟ್ ಕಿಟ್ಟಿನಲ್ಲಿ ಸಿವೈಎ ಅಂತ ಇರ್ತದೆ. ಬಿಸಿಲಿನ ಯುವಿಗೆ ಕ್ಲೋರಿನ್ ಹಾಳಾಗ್ತದೆ, ಸ್ಟೆಬಿಲೈಸರ್ ಇಲ್ಲದ ನೀರಿಗೆ ಬೆಳಿಗ್ಗೆ ಹಾಕಿದ ಕ್ಲೋರಿನ್ ಮಧ್ಯಾಹ್ನಕ್ಕೆ ಹೆಚ್ಚುಕಮ್ಮಿ ಖಾಲಿ. ಅದನ್ನು ಕಾಪಾಡ್ಲಿಕ್ಕೆ ಇದು ಬೇಕೇ ಬೇಕು. ಆದ್ರೆ ಇದು ಜಾಸ್ತಿಯಾದಷ್ಟೂ ಕ್ಲೋರಿನ್ನಿನ ಕೈ ಕಟ್ಟಿ ಹಾಕ್ತದೆ, ನೀರಲ್ಲಿ ಕ್ಲೋರಿನ್ ಉಂಟು ಅಂತ ಟೆಸ್ಟ್ ತೋರಿಸ್ತದೆ, ಪಾಚಿ ಮಾತ್ರ ಬೆಳೀತಾ ಇರ್ತದೆ. ಫ್ರೀ ಕ್ಲೋರಿನ್ (ಖರ್ಚಾಗದೆ ನೀರಲ್ಲಿ ಉಳಿದಿರುವ ಕ್ಲೋರಿನ್) ಸಿವೈಎಯ ಸುಮಾರು 7.5 ಪರ್ಸೆಂಟಿಗಿಂತ ಕೆಳಗೆ ಇಳಿಬಾರ್ದು ಅಂತ ಲೆಕ್ಕ ಇಟ್ಟುಕೊಳ್ಳಿ. ಸಿವೈಎ 40 ಪಿಪಿಎಂ (ಅಂದ್ರೆ ಲೀಟರಿಗೆ 40 ಮಿಲಿಗ್ರಾಂ) ಇದ್ರೆ ಕ್ಲೋರಿನ್ 3 ಇದ್ರೆ ಸಾಕು, 100 ಇದ್ರೆ 7.5 ಬೇಕು. ಪಟ್ಟಿ ಮುಳುಗಿಸಿ ನೋಡುವ ಟೆಸ್ಟಿನಲ್ಲಿ 1ರಿಂದ 3 ಬಂದ್ರೆ "ಓಕೆ" ಅಂತ ಇರ್ತದಲ್ಲ, 100 ಸಿವೈಎ ಇರುವವರು ಅದನ್ನೇ ನಂಬಿ ಕೂತ್ರೆ ನೀರು ಹಸಿರಾಗದೆ ಮತ್ತೆಂತ ಆಗ್ತದೆ ಹೇಳಿ.

ಈಗ ಮಾತ್ರೆ. ಅಂಗಡಿಯಲ್ಲಿ ಸಿಗುವ ದೊಡ್ಡ ಬಿಳಿ ಮಾತ್ರೆ ಟ್ರೈಕ್ಲೋರ್, ನಮ್ಮಲ್ಲಿ ಟಿಸಿಸಿಎ 90 ಅಂತ ಮಾರ್ತಾರಲ್ಲ ಅದೇ. ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಯನ್ಯೂರಿಕ್ ಆಸಿಡ್ಡೇ, 10 ಪಿಪಿಎಂ ಕ್ಲೋರಿನ್ ಕೊಡುವಾಗ 6 ಪಿಪಿಎಂ ಸ್ಟೆಬಿಲೈಸರ್ ಕೂಡ ಸೇರಿಸ್ತದೆ. ಡೈಕ್ಲೋರ್ ಅಂತ ಇನ್ನೊಂದು ಕ್ಲೋರಿನ್ ಪುಡಿ ಉಂಟು, ಅದು ಇನ್ನೂ ಜಾಸ್ತಿ, 9. ಅಲ್ಲಿ 15 ಸಾವಿರ ಗ್ಯಾಲನ್ ಪೂಲ್ ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 57 ಸಾವಿರ ಲೀಟರ್, ಅದಕ್ಕೆ ವಾರಕ್ಕೆ ಮೂರು ಮಾತ್ರೆ ಹಾಕಿದ್ರೆ ತಿಂಗಳಿಗೆ 25 ಪಿಪಿಎಂ ಮೇಲೆ ಏರ್ತದೆ. ಏಪ್ರಿಲಿನಲ್ಲಿ ಶುರು ಮಾಡಿದ್ರೆ ಆಗಸ್ಟಿಗೆ ನೂರು. ಗಂಜಿಯ ನೀರು ಆರಿದ್ರೂ ಉಪ್ಪು ಪಾತ್ರೆಯಲ್ಲೇ ಉಳಿತದಲ್ಲ, ಇದೂ ಹಾಗೆಯೇ, ಪೂಲಿನ ನೀರು ಆವಿಯಾದ್ರೆ ಸ್ಟೆಬಿಲೈಸರ್ ಹೋಗುದಿಲ್ಲ, ನೀರು ಹೊರಗೆ ಹೋದ್ರೆ ಮಾತ್ರ ಹೋಗ್ತದೆ.

ಕಾಪು ಹತ್ರ ಅಕ್ಕನ ಹೋಮ್‌ಸ್ಟೇಯಲ್ಲಿ ಪೂಲ್ ಉಂಟು, ಅಲ್ಲೂ ಇದೇ ಮಾತ್ರೆ. ಅಕ್ಕ ಹೇಳುದು, ಆಟಿಯಲ್ಲಿ ಎಂತದೂ ಕಿರಿಕಿರಿ ಇಲ್ಲ, ಏಪ್ರಿಲ್-ಮೇ ಬಂತು ಅಂದ್ರೆ ಪಾಚಿ ಅಂತ. ಕಾರಣ ಇಷ್ಟೇ, ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹೊಯ್ಯುವ ಮಳೆಗೆ ಪೂಲ್ ತುಂಬಿ ಹರಿತದೆ, ಹಳೆ ನೀರಿನ ಜೊತೆ ಸ್ಟೆಬಿಲೈಸರೂ ಹೋಗ್ತದೆ. ಫೀನಿಕ್ಸಿನಲ್ಲಿ ವರ್ಷದ ಮಳೆ 200 ಮಿಲಿಮೀಟರ್ ಕೂಡ ಇಲ್ಲ ಮಾರಾಯ್ರೆ. ಇಲ್ಲಿ ಮಳೆ ಮಾಡಿಕೊಡುವ ಕೆಲಸ ಅಲ್ಲಿ ನೀವೇ ಮಾಡ್ಬೇಕು.

ಟೆಸ್ಟ್ ಮಾಡುವ ಕ್ರಮ ಸ್ವಲ್ಪ ಸರಿಯಾಗಿ ಹೇಳ್ತೇನೆ, ಯಾಕಂದ್ರೆ ಇಲ್ಲೇ ಜಾಸ್ತಿ ಎಡವಟ್ಟಾಗುದು. ಸಿವೈಎಗೆ ಪಟ್ಟಿ ನಂಬ್ಬೇಡಿ. ಪೂಲ್ ನೀರು ಮತ್ತು ಕಿಟ್ಟಿನ ದ್ರಾವಣ ಸಮ ಸಮ ಹಾಕಿ ಕುಲುಕಿದ್ರೆ ನೀರು ಹಾಲಿನ ಹಾಗೆ ಮಸುಕಾಗ್ತದೆ, ಅದನ್ನು ತಳದಲ್ಲಿ ಕಪ್ಪು ಚುಕ್ಕೆ ಇರುವ ಸಣ್ಣ ಟ್ಯೂಬಿಗೆ ನಿಧಾನಕ್ಕೆ ಹೊಯ್ಯುತ್ತಾ ಮೇಲಿಂದ ನೋಡ್ಬೇಕು, ಚುಕ್ಕೆ ಕಾಣದೆ ಹೋದಲ್ಲಿ ನಿಲ್ಲಿಸಿ ಗೆರೆ ಓದುದು. ಹೊರಗೆ ಹಗಲಲ್ಲಿ, ಸೂರ್ಯನಿಗೆ ಬೆನ್ನು ಹಾಕಿ, ಟ್ಯೂಬ್ ನಿಮ್ಮ ನೆರಳಲ್ಲಿ ಸೊಂಟದ ಮಟ್ಟಕ್ಕೆ ಇರ್ಲಿ. ಚುಕ್ಕೆಯನ್ನೇ ದಿಟ್ಟಿಸಿ ನೋಡಿದ್ರೆ ಇಲ್ಲದ ಚುಕ್ಕೆಯೂ ಕಂಡ ಹಾಗೆ ಆಗ್ತದೆ, ಒಮ್ಮೆ ನೋಡಿ ಕಣ್ಣು ತೆಗಿರಿ, ಪುನಃ ನೋಡಿ. ನೀರು ತುಂಬ ತಣ್ಣಗಿದ್ರೆ ಒಳಗೆ ತಂದಿಟ್ಟು ಬೆಚ್ಚಗಾದ ಮೇಲೆ ಮಾಡಿ. 100ರ ಗೆರೆಯೂ ದಾಟಿದ್ರೆ ಪೂಲ್ ನೀರಿಗೆ ಅಷ್ಟೇ ನಲ್ಲಿ ನೀರು ಬೆರೆಸಿ ಪುನಃ ಟೆಸ್ಟ್ ಮಾಡಿ, ಬಂದದ್ದನ್ನು ಎರಡರಿಂದ ಗುಣಿಸಿ.

ಎಷ್ಟಿರ್ಬೇಕು ಅಂದ್ರೆ ಸಾಮಾನ್ಯ ಪೂಲಿಗೆ 30ರಿಂದ 50, ಸಾಲ್ಟ್ ಸಿಸ್ಟಮ್ (ಉಪ್ಪು ನೀರಿನಿಂದಲೇ ಕ್ಲೋರಿನ್ ಮಾಡುವ ಮೆಷಿನ್) ಇದ್ರೆ 60ರಿಂದ 80. ಕಮ್ಮಿ ಇದ್ರೆ ಸುಲಭ, 57 ಸಾವಿರ ಲೀಟರಿಗೆ 570 ಗ್ರಾಂ ಸ್ಟೆಬಿಲೈಸರ್ ಪುಡಿ ಹಾಕಿದ್ರೆ 10 ಪಿಪಿಎಂ ಏರ್ತದೆ. ಹಳೆ ಸಾಕ್ಸಿಗೆ ತುಂಬಿಸಿ ನೀರು ಪೂಲಿಗೆ ವಾಪಸ್ ಬರುವ ಪೈಪಿನ ಬಾಯಿ ಎದುರು ನೇತು ಹಾಕಿ, ಆಗಾಗ ಹಿಂಡಿ. ಕರಗುದು ನಿಧಾನ, ಟೆಸ್ಟಿನಲ್ಲಿ ಪೂರ್ತಿ ಕಾಣ್ಲಿಕ್ಕೆ ವಾರ ಹಿಡೀಬಹುದು, ಮರುದಿನವೇ "ಏರ್ಲಿಲ್ಲ" ಅಂತ ಇನ್ನೊಂದು ಡೋಸ್ ಹಾಕ್ಬೇಡಿ.

ಜಾಸ್ತಿಯಾದ್ರೆ ನೀರು ಬದಲಿಸುದೇ ದಾರಿ. 100ರಿಂದ 50ಕ್ಕೆ ಇಳಿಸ್ಲಿಕ್ಕೆ ಅರ್ಧ ನೀರು ತೆಗಿಬೇಕು. ಜೂನ್-ಜುಲೈಯ ಉರಿಯಲ್ಲಿ ಇದಕ್ಕೆ ಕೈ ಹಾಕ್ಬೇಡಿ, ಒಣಗಿದ ಪ್ಲಾಸ್ಟರ್ ಬಿರುಕು ಬಿಡ್ತದೆ, ಚಳಿಗಾಲದಲ್ಲಿ ಮಾಡಿ. ಫೀನಿಕ್ಸ್ ಸಿಟಿಯಲ್ಲಿ ಪೂಲ್ ನೀರನ್ನು ರಸ್ತೆಗೆ ಬಿಡ್ಲಿಕ್ಕಿಲ್ಲ, ಮನೆ ಅಂಗಳದಲ್ಲಿರುವ ಒಳಚರಂಡಿಯ ಕ್ಲೀನ್‌ಔಟ್ ಪೈಪಿಗೆ ಬಿಡ್ಬೇಕು. ನೀರು ದಂಡ ಮಾಡ್ಲಿಕ್ಕೆ ಮನಸ್ಸಿಲ್ಲದವರಿಗೆ ಮನೆಗೇ ಬಂದು ಆರ್‌ಒ ಮಾಡಿ ಕೊಡುವವರೂ ಇದ್ದಾರೆ, ಖರ್ಚು ಜಾಸ್ತಿ. (ಊರಲ್ಲಿ ಪೂಲ್ ಕಟ್ಟಿಸುವವರಿಗೆ ಒಂದು ಮಾತು: ಮಳೆಗಾಲದಲ್ಲಿ ಬಾವಿ ತುಂಬಿರುವಾಗ ಪೂಲ್ ಪೂರ್ತಿ ಖಾಲಿ ಮಾಡ್ಬೇಡಿ, ಅಡಿಯ ನೀರಿನ ಒತ್ತಡಕ್ಕೆ ಟ್ಯಾಂಕೇ ಮೇಲೆ ಏಳಬಹುದು.)

ನನ್ನ ಕೇಳಿದ್ರೆ ದಿನನಿತ್ಯಕ್ಕೆ ಲಿಕ್ವಿಡ್ ಕ್ಲೋರಿನ್ ಒಳ್ಳೇದು, ಅದರಲ್ಲಿ ಸ್ಟೆಬಿಲೈಸರ್ ಇಲ್ಲ, ಮಾತ್ರೆ ಊರಿಗೆ ಬರುವಾಗ ಮಾತ್ರ ಇಟ್ಟು ಹೋಗಿ. ಕ್ಯಾಲ್-ಹೈಪೋ (ಕ್ಯಾಲ್ಸಿಯಂ ಹೈಪೋಕ್ಲೋರೈಟ್) ಅನ್ನುವ ಕ್ಲೋರಿನ್ ಪುಡಿಯಲ್ಲೂ ಸ್ಟೆಬಿಲೈಸರ್ ಇಲ್ಲ, ಆದ್ರೆ ಕ್ಯಾಲ್ಸಿಯಂ ಸೇರ್ತದೆ, ಅಲ್ಲಿಯ ನೀರೇ ಗಡಸು. ಅದೆಲ್ಲಕ್ಕಿಂತ ಮುಖ್ಯ, ಕ್ಯಾಲ್-ಹೈಪೋ ಮತ್ತು ಟ್ರೈಕ್ಲೋರ್ ಒಂದೇ ಡಬ್ಬಿಗೆ, ಒಂದೇ ಫೀಡರಿಗೆ (ಪೂಲಿಗೆ ಕ್ಲೋರಿನ್ ಬಿಡುವ ಡಬ್ಬ), ಒಂದೇ ಚಮಚಕ್ಕೂ ತಾಗ್ಬಾರ್ದು, ಬೆಂಕಿ ಹತ್ತಿ ಸಿಡಿತದೆ. ಮಕ್ಕಳ ಕೈಗೆ ಸಿಗದ ಕಡೆ, ಎರಡನ್ನೂ ಬೇರೆ ಬೇರೆ ಇಡಿ.

ಬಾಡಿಗೆಗೆ ಹೋಗುವವರು ಕೀ ಸಿಕ್ಕಿದ ದಿನವೇ ಸಿವೈಎ ಟೆಸ್ಟ್ ಮಾಡಿ, ಟ್ಯೂಬಿನ ಫೋಟೋ ತೆಗೆದು ಓನರಿಗೆ ಕಳ್ಸಿ. ಆಗಲೇ 90, 100 ಇದ್ರೆ ನೀರು ಬದಲಿಸುವ ಖರ್ಚು ಯಾರದ್ದು ಅಂತ ಅವತ್ತೇ ಮಾತಾಡಿ, ಅಗ್ರಿಮೆಂಟಲ್ಲಿ ಬರೆಸಿಕೊಳ್ಳಿ.