ಕಲಘಟಗಿ ಮುಖ, ಹೊಸ ಪಾಸ್‌ಪೋರ್ಟ್

"ವಿಚ್ ಕಂಟ್ರಿ?"

ನನ್ನ ಪಾಸ್‌ಪೋರ್ಟ್ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನ ಸಾಹೇಬರ ಕೈಯಲ್ಲೇ ಇತ್ತು. ಮೇಲೆ ಮೂರು ಸಿಂಹ, ಭಾರತ ಗಣರಾಜ್ಯ ಅಂತ ಬಂಗಾರದ ಅಕ್ಷರ. ಆದ್ರೂ ಕೇಳಿದರು.

"ಇಂಡಿಯಾ ಸರ್."

ಪಾಸ್‌ಪೋರ್ಟ್ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಪಾಸ್‌ಪೋರ್ಟ್ ನೋಡಿದರು. ವೀಸಾ ಸ್ಟಿಕರ್ ಒಂದು ಬಿಟ್ಟರೆ ಎಲ್ಲಾ ಪುಟ ಖಾಲಿ. ಒಂದು ಸೀಲೂ ಬಿದ್ದಿರಲಿಲ್ಲ. ಉಗುರಿನಿಂದ ಪುಟದ ಅಂಚು ಕೆರೆದು ನೋಡಿ, "ಒರಿಜಿನಲ್?" ಅಂದರು.

ನಾನು ಸಿದ್ದಿ ಹೆಂಗಸು. ಧಾರವಾಡ ಜಿಲ್ಲೆ, ಕಲಘಟಗಿ ತಾಲೂಕು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ನೂರಾರು ವರ್ಷ ಆಯಿತು. ಆ ಗುರುತು ಮುಖದಲ್ಲಿ, ಕೂದಲಿನಲ್ಲಿ ಉಳಿದಿದೆ. ಬಾಯಲ್ಲಿ ಇರುವುದು ಮಾತ್ರ ಕಲಘಟಗಿ ಕನ್ನಡ. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲೂ ನನ್ನನ್ನು ಇಂಗ್ಲಿಷ್‌ನಲ್ಲಿ ಮಾತಾಡಿಸುವವರಿದ್ದಾರೆ. "ಅಣ್ಣಾರ, ಕಲಘಟಗಿ ಬಸ್ ಎಲ್ಲಿ ನಿಂತೈತ್ರೀ?" ಅಂತ ಕೇಳಿದ ಕೂಡಲೇ ಅವರಿಗೆ ನಾಚಿಕೆ, ನನಗೆ ನಗು. ಬಸ್ ಸ್ಟ್ಯಾಂಡಿನಲ್ಲಿ ಅದು ನಗುವಿನಲ್ಲೇ ಮುಗಿಯುತ್ತದೆ. ಒಂದು ಬಸ್ ತಪ್ಪಿದರೆ ಇನ್ನೊಂದು ಬರುತ್ತದೆ. ವಿಮಾನ ಹಾಗಲ್ಲ.

ನಾನು ಕೌದಿ ಹೊಲಿಯುತ್ತೇನೆ. ಹಳೆ ಸೀರೆ, ಅಂಗಿ, ಲಂಗದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುವ ಹೊಲಿಗೆ ನಮ್ಮದು. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೂವು ಇಡದಿದ್ದರೆ ಕೌದಿ ಮುಗಿದಂತಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಒಂದು ಪ್ರದರ್ಶನಕ್ಕೆ ಕರೆದರು. ಅದಕ್ಕೆಂದೇ ಜೀವನದ ಮೊದಲ ಪಾಸ್‌ಪೋರ್ಟ್ ಮಾಡಿಸಿದೆ.

ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಕೆಲಸ ಸಲೀಸಾಗಿ ಆಯಿತು. ಆನ್‌ಲೈನ್‌ನಲ್ಲಿ 1500 ರೂಪಾಯಿ ಕಟ್ಟಿದ್ದೆ. ಆಧಾರ್ ಜೊತೆಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡೂ ಕೊಟ್ಟೆ. ಮೆಟ್ರಿಕ್ ಪಾಸಾದ ದಾಖಲೆ ಕೊಡದಿದ್ದರೆ ಇಸಿಆರ್, ಅಂದ್ರೆ ಹೊರಡುವ ಮೊದಲು ಸರ್ಕಾರದ ತಪಾಸಣೆ ಬೇಕು ಅಂತ ಮುದ್ರೆ ಬೀಳಬಹುದು. ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ ಸಂಬಂಧಿಸಿದ ಮುದ್ರೆ ಅದು. ನನಗೆ ಆ ದೇಶಗಳ ಕೆಲಸ ಇರಲಿಲ್ಲ. ಆದ್ರೂ ಕೌಂಟರಿನವರಿಗೆ ಕೇಳಲು ಇನ್ನೊಂದು ನೆಪ ಯಾಕೆ ಕೊಡಬೇಕು?

ನಾನು ತಪ್ಪು ಮಾಡಿದ್ದು ಫೋಟೋದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಸೇವಾ ಕೇಂದ್ರದಲ್ಲಿ ಎ ಕೌಂಟರಿನವರೇ ಫೋಟೋ ತೆಗೆಯುತ್ತಾರೆ, ಬೆರಳಚ್ಚು ತಗೊಳ್ಳುತ್ತಾರೆ. ಹಿಂದೆ ಬಿಳಿ ಪರದೆ, ಎದುರಿಗೆ ಸಣ್ಣ ಕ್ಯಾಮೆರಾ. ಬಿಳಿ ಪರದೆಯ ಮುಂದೆ ನನ್ನಂಥ ಕಪ್ಪು ಮುಖ ಕೂತರೆ ಕ್ಯಾಮೆರಾ ಪರದೆಯ ಬೆಳಕಿಗೆ ಹೊಂದಿಕೊಳ್ಳುತ್ತದೆ, ಮುಖಕ್ಕಲ್ಲ. ಸ್ಕ್ರೀನಿನಲ್ಲಿ ಬಂದದ್ದು ಒಂದು ಕಪ್ಪು ಅಚ್ಚು, ಅದರಲ್ಲಿ ಎರಡು ಕಣ್ಣು. "ಓಕೆನಾ ಮೇಡಂ?" ಅಂದರು. ಹಿಂದೆ ಜನ ಕಾಯುತ್ತಿದ್ದರು. ಹೂಂ ಅಂದುಬಿಟ್ಟೆ.

ವೀಸಾಕ್ಕೆ ಇದರ ಉಲ್ಟಾ ಆಯಿತು. ಧಾರವಾಡದಲ್ಲಿ ಒಂದು ಸ್ಟುಡಿಯೋಗೆ ಹೋದೆ. ಹುಡುಗ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಏನೋ ಮಾಡಿದ. ಪ್ರಿಂಟ್ ನೋಡಿದರೆ ನನ್ನ ಮುಖ ಗೋದಿ ಬಣ್ಣಕ್ಕೆ ಬಂದಿತ್ತು. ಮೂಗಿನ ಪಕ್ಕದ ನೆರಳು ಹೋಗಿ ಮೂಗೇ ಸಣ್ಣದಾಗಿತ್ತು. "ಸ್ವಲ್ಪ ಬ್ರೈಟ್ ಮಾಡೀನ್ರೀ ಅಕ್ಕಾರ, ಚಲೋ ಬಂದೈತಿ" ಅಂದ. ಪಾಪ, ಪ್ರೀತಿಯಿಂದಲೇ ಮಾಡಿದ್ದ. ಮದುವೆ ಹುಡುಗಿಯರಿಗೆಲ್ಲ ಹಾಗೇ ಮಾಡಿ ಕೈ ಕೂತಿದೆ. ಅದೇ ಫೋಟೋ ವೀಸಾ ಸ್ಟಿಕರಿನ ಮೇಲೆ ಬಂತು.

ಈಗ ಲೆಕ್ಕ ಹಾಕಿ. ಪಾಸ್‌ಪೋರ್ಟಿನಲ್ಲಿ ಒಬ್ಬಳು, ವೀಸಾದಲ್ಲಿ ಇನ್ನೊಬ್ಬಳು, ಕೌಂಟರಿನ ಮುಂದೆ ನಿಂತವಳು ಮೂರನೆಯವಳು. ಸಂಶಯ ಪಡಲು ಮೊದಲೇ ತಯಾರಿದ್ದವರಿಗೆ ನಾನೇ ಕಾರಣ ಕಟ್ಟಿಕೊಟ್ಟಿದ್ದೆ.

ಯಾವ ವಿಮಾನ ನಿಲ್ದಾಣ ಅನ್ನುವುದು ಬೇಡ. ಆ ಸಾಹೇಬರು ಹಿಂದಿಯಲ್ಲಿ ಶುರು ಮಾಡಿದರು. ನನ್ನ ಹಿಂದಿ ಅಂದ್ರೆ ಹುಬ್ಬಳ್ಳಿ ಸಂತೆ ಹಿಂದಿ. ತಡವರಿಸಿದೆ. ಹಿಂದಿ ಬಾರದ್ದು ಅವರಿಗೆ ಇನ್ನೊಂದು ಸಾಕ್ಷಿಯಾಯಿತು. ಆಧಾರ್ ಕೇಳಿದರು, ಕೊಟ್ಟೆ. ಶಾಲೆ ಎಲ್ಲಿ, ಅಪ್ಪ ಎಲ್ಲಿ ಹುಟ್ಟಿದ್ದು, ಅಜ್ಜ ಎಲ್ಲಿ ಹುಟ್ಟಿದ್ದು. ನನ್ನ ಮುಂದೆ ಹೋದ ದಾವಣಗೆರೆ ಕಡೆಯ ಅಮ್ಮನ ಪಾಸ್‌ಪೋರ್ಟೂ ಹೊಸದೇ ಇತ್ತು. ಅವರನ್ನು ಯಾರೂ ಅಜ್ಜನ ಊರು ಕೇಳಿರಲಿಲ್ಲ.

ಆಗ ನಾನು ಬ್ಯಾಗಿನಿಂದ ಜಾತಿ ಸರ್ಟಿಫಿಕೇಟ್ ತೆಗೆದೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲೇ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಜಾಗ ಸಿಕ್ಕಿತ್ತು. ನಮ್ಮ ಧಾರವಾಡ, ಬೆಳಗಾವಿ ಜಿಲ್ಲೆಯವರಿಗೆ ಸಿಕ್ಕಿದ್ದು 2020ರಲ್ಲಿ. ಆ ಕಾಗದಕ್ಕೆ ಎಷ್ಟು ಓಡಾಡಿದ್ದೆವೋ ನಮಗೇ ಗೊತ್ತು. ಅವರು ಅದನ್ನು ತಿರುಗಿಸಿ ನೋಡಿ, "ಸಿದ್ದಿ ಮತ್ಲಬ್?" ಅಂದರು. ನಿಂತಲ್ಲೇ ಇತಿಹಾಸ ಹೇಳಿದೆ. ಹಡಗು, ಗೋವಾ, ಪೋರ್ಚುಗೀಸರು, ಕಾಡು. ಹಿಂದಿನ ಸಾಲಿನವರೆಲ್ಲ ಕೇಳಿಸಿಕೊಂಡರು. ಹೇಳುತ್ತಾ ಹೋದಂತೆ ನಾನೇ ಪರದೇಶಿ ಆಗುತ್ತಿದ್ದೇನೆ ಅನ್ನಿಸಿತು.

ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. 40 ನಿಮಿಷ. ಕೊನೆಗೆ ಒಬ್ಬ ಮೇಡಂ ಬಂದರು. ಪಾಸ್‌ಪೋರ್ಟಿನ ಹಿಂದಿನ ಪುಟದಲ್ಲಿ ವಿಳಾಸ ಓದಿ, "ಕಲಘಟಗಿ ಹತ್ರ ಯಾವ ಊರ್ರೀ ನಿಮ್ದು?" ಅಂದರು. ಗದಗ ಕಡೆಯ ಮಾತು. ನನ್ನ ಕಣ್ಣಲ್ಲಿ ನೀರು ಬಂತು. "ತಂಬೂರ ಕಡೇಕ್ರೀ ಬಾಯಾರ" ಅಂದೆ. ಎರಡು ಮಾತಿಗೆ ಸೀಲು ಬಿತ್ತು.

ಓಡಿ ವಿಮಾನ ಹತ್ತಿದೆ. ಕೂತ ಮೇಲೆ ಖುಷಿ ಆಗಲಿಲ್ಲ, ಸಿಟ್ಟು ಬಂತು. ನನ್ನನ್ನು ಬಿಟ್ಟದ್ದು ಪಾಸ್‌ಪೋರ್ಟ್ ನೋಡಿ ಅಲ್ಲ, ಕನ್ನಡ ಕೇಳಿ. ಆ ಮೇಡಂಗೆ ಅವತ್ತು ರಜೆ ಇದ್ದಿದ್ದರೆ?

ಆಮ್‌ಸ್ಟರ್‌ಡಾಮ್‌ನಲ್ಲಿ ಇಳಿದಾಗ ಕಾಲು ನಡುಗುತ್ತಿತ್ತು. ಅಲ್ಲಿ ಎರಡು ಪ್ರಶ್ನೆ, ಒಂದು ಸೀಲು, ಮುಗೀತು. ಪ್ರದರ್ಶನದ ಆಯೋಜಕರಿಗೆ ನನ್ನ ಕಥೆ ಹೇಳಿದೆ. ಅವರು ತಮ್ಮ ದೇಶದ ಕಥೆ ಹೇಳಿದರು. ಅಲ್ಲಿ ಎಂಪಾಂಜು ಬಾಮೆಂಗಾ ಅಂತ ಒಬ್ಬರು, ಆಗ ಐಂಡ್‌ಹೋವನ್ ಊರಿನ ನಗರಸಭೆ ಸದಸ್ಯರಾಗಿದ್ದವರು, ಕಪ್ಪು ಮನುಷ್ಯ. 2018ರಲ್ಲಿ ತಮ್ಮದೇ ಊರಿನ ವಿಮಾನ ನಿಲ್ದಾಣದಲ್ಲಿ ಇಳಿದಾಗ ಗಡಿ ಪೊಲೀಸರು ತಡೆದರು. ಬಾಮೆಂಗಾ ಸುಮ್ಮನಾಗಲಿಲ್ಲ, ಸಂಘಟನೆಗಳ ಜೊತೆ ಸೇರಿ ಕೋರ್ಟಿಗೆ ಹೋದರು. 2021ರಲ್ಲಿ ಸೋಲಾಯಿತು. ಮೇಲ್ಮನವಿಯಲ್ಲಿ, 2023ರ ಫೆಬ್ರವರಿಯಲ್ಲಿ, ಹೇಗ್ ಕೋರ್ಟು ಇಂಥ ತಪಾಸಣೆಗೆ ಜನರನ್ನು ಆರಿಸುವಾಗ ಮೈಬಣ್ಣ, ಮೂಲ ನೋಡುವಂತಿಲ್ಲ ಅಂತ ತೀರ್ಪು ಕೊಟ್ಟಿತು. ನಗರಸಭೆ ಸದಸ್ಯನಿಗೇ ಹಾಗಾದರೆ ಕೌದಿ ಹೊಲಿಯುವವಳದ್ದೇನು ಅಂದುಕೊಂಡೆ. ಆದರೆ ಆ ಮನುಷ್ಯ ಮಾಡಿದ ಒಂದು ಕೆಲಸ ತಲೆಯಲ್ಲಿ ಕೂತಿತು. ಮುಜುಗರ ಅಂತ ನುಂಗಿಕೊಳ್ಳದೆ ಬರೆದು ಕೇಳಿದ್ದು.

ಸರ್ಕಾರ ತಾರತಮ್ಯ ಮಾಡಬಾರದ ಕಾರಣಗಳಲ್ಲಿ ನಮ್ಮ ಸಂವಿಧಾನದ 15ನೇ ವಿಧಿಯಲ್ಲೂ ಧರ್ಮ, ಜಾತಿ, ಲಿಂಗದ ಜೊತೆ ಮೂಲವಂಶ ಮತ್ತು ಹುಟ್ಟಿದ ಸ್ಥಳ ಅಂತ ಇದೆ. ಊರಿಗೆ ಬಂದು ಕೇಂದ್ರ ಸರ್ಕಾರ ದೂರು ತಗೊಳ್ಳುವ ಸಿಪಿಗ್ರಾಮ್ಸ್ ಪೋರ್ಟಲಿನಲ್ಲಿ ದೂರು ಹಾಕಿದೆ. ಖರ್ಚಿಲ್ಲ. ಮೊದಲು ಬರೆದ ದೂರು ಎರಡು ಪುಟ ಇತ್ತು, ಬರೀ ಅಳು. ತಮ್ಮ ಓದಿ, "ಅಕ್ಕಾ, ಇದ್ರಾಗ ಟೈಮ್ ಎಲ್ಲೈತಿ?" ಅಂದ. ನಿಜ, ಕೌಂಟರ್ ನಂಬರ್ ಕೂಡ ಬರೆದಿರಲಿಲ್ಲ, ನೆನಪೂ ಇರಲಿಲ್ಲ. ಉಳಿದಿದ್ದು ಸೀಲಿನ ತಾರೀಖು, ಬೋರ್ಡಿಂಗ್ ಪಾಸ್ ಅಷ್ಟೇ. ಅದರ ಮೇಲೆ ಎಂಟು ಸಾಲು ಬರೆದು ಹಾಕಿದೆ. ವಿಷಾದ ಇದೆ ಅಂತ ಎರಡು ಸಾಲಿನ ಉತ್ತರ ಬಂತು, ಫೈಲ್ ಕ್ಲೋಸ್ ಆಯಿತು. ಅದಕ್ಕಿಂತ ಜಾಸ್ತಿ ಏನೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆ ಪ್ರಿಂಟ್ ಮಾತ್ರ ಪಾಸ್‌ಪೋರ್ಟ್ ಕವರಿನಲ್ಲೇ ಇಟ್ಟಿದ್ದೇನೆ.

ಎರಡನೇ ಸಲ ಹೋಗುವಾಗ ಬೇರೆ ಥರ ತಯಾರಾದೆ. ವೀಸಾ ಫೋಟೋ ತೆಗೆಯುವಾಗ ಸ್ಟುಡಿಯೋ ಹುಡುಗನ ಪಕ್ಕದಲ್ಲೇ ಕೂತೆ. "ಲೈಟ್ ಬೇಕಾದಷ್ಟು ಹಾಕಪಾ, ಆದ್ರ ಕಂಪ್ಯೂಟರ್‌ನ್ಯಾಗ ಮುಖ ಮುಟ್ಟಬ್ಯಾಡ" ಅಂದೆ. ಮುಖಕ್ಕೆ ಎರಡೂ ಕಡೆಯಿಂದ ಬೆಳಕು ಬಿಟ್ಟರೆ ನನ್ನ ಬಣ್ಣದಲ್ಲೇ ಮೂಗು, ತುಟಿ, ಹಣೆ ಎಲ್ಲಾ ಬಿಡಿಬಿಡಿಯಾಗಿ ಕಾಣುತ್ತದೆ. ಬಿಳಿ ಮಾಡುವ ಅಗತ್ಯವೇ ಇಲ್ಲ.

ನಿಲ್ದಾಣಕ್ಕೆ ನಾಲ್ಕು ತಾಸು ಮೊದಲೇ ಹೋದೆ. ಆಹ್ವಾನ ಪತ್ರ, ವಾಪಸ್ ಟಿಕೆಟ್, ಉಳಿಯುವ ಜಾಗದ ಕಾಗದ ಮೇಲೇ ಇದ್ದವು. ಇವನ್ನು ಅವರು ಯಾವ ಪ್ರಯಾಣಿಕರನ್ನಾದರೂ ಕೇಳಬಹುದು, ತಪ್ಪಿಲ್ಲ. ಆಧಾರ್ ಬ್ಯಾಗಿನ ಒಳಗಿತ್ತು. ಕೇಳಿದರೆ ಕೊಡುತ್ತೇನೆ, ನಾನಾಗಿ ತೆಗೆಯುವುದಿಲ್ಲ. ಜಾತಿ ಸರ್ಟಿಫಿಕೇಟ್ ಮನೆಯಲ್ಲೇ ಬಿಟ್ಟೆ. ಅದು ಕಾಲೇಜಿಗೆ, ನೌಕರಿಗೆ ಬೇಕು. ವಿಮಾನ ಹತ್ತಲು ಯಾಕೆ ಬೇಕು? ಇತಿಹಾಸದ ಪಾಠವನ್ನೂ ಬಿಟ್ಟೆ. ಸಿದ್ದಿ ಅಂದ್ರೆ ಯಾರು ಅಂತ ತಿಳಿಯುವ ಆಸೆ ಇದ್ದರೆ ಕಲಘಟಗಿಗೆ ಬರಲಿ, ಚಹಾ ಮಾಡಿಕೊಟ್ಟು ಹೇಳುತ್ತೇನೆ.

ಬಾಯಿಪಾಠ ಮಾಡಿಕೊಂಡದ್ದು ಒಂದೇ ಮಾತು. "ಸರ್, ಪಾಸ್‌ಪೋರ್ಟಿನಲ್ಲಿ ಏನು ತೊಂದರೆ ಇದೆ ಹೇಳಿ, ಮೆಷಿನ್‌ಗೆ ಹಾಕಿ ನೋಡಿ." ಇದನ್ನು ಇಂಗ್ಲಿಷ್‌ನಲ್ಲೂ ಹಿಂದಿಯಲ್ಲೂ ಕನ್ನಡಿ ಮುಂದೆ ಹೇಳಿ ಹೇಳಿ ರೂಢಿ ಮಾಡಿಕೊಂಡೆ. ದನಿ ಏರಬಾರದು, ಇಳಿಯಲೂ ಬಾರದು. ಈ ಮಾತು ಕೇಳಿದ ಮೇಲೆ ಅವರು ಮುಖ ಬಿಟ್ಟು ಕಾಗದದ ಬಗ್ಗೆ ಮಾತಾಡಲೇಬೇಕು. ಕೌಂಟರ್ ಬಂದ ಕೂಡಲೇ ನಂಬರನ್ನೂ ಟೈಮನ್ನೂ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ. ಅಲ್ಲಿ ಮೊಬೈಲ್ ತೆಗೆದರೆ ಅದೇ ಇನ್ನೊಂದು ಜಗಳ. ಆ ಸಲ ಒಂದೇ ಒಂದು ಬಾರಿ ಆ ಮಾತು ಹೇಳಬೇಕಾಯಿತು. ಮೆಷಿನ್‌ಗೆ ಹಾಕಿದರು, ಬಿಟ್ಟರು.

ಆಮೇಲೆ ಯಾರೋ ಎಫ್‌ಟಿಐ-ಟಿಟಿಪಿ ಅಂತ ಒಂದು ಸರ್ಕಾರಿ ಯೋಜನೆ ಇದೆ ಅಂದರು. ಭಾರತದ ಪಾಸ್‌ಪೋರ್ಟ್ ಇದ್ದವರು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಬೆರಳಚ್ಚು, ಮುಖ ಕೊಟ್ಟು ಬಂದರೆ ಕೌಂಟರಿನ ಬದಲು ತಾನಾಗೇ ತೆರೆಯುವ ಇ-ಗೇಟಿನಲ್ಲಿ ಹೋಗಬಹುದು. ದಿಲ್ಲಿಯಲ್ಲಿ 2024ರಲ್ಲಿ, ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಶುರುವಾಯಿತು. ಅರ್ಜಿ ಹಾಕಿ ಬೆರಳು ಕೊಡಲು ಹೋದೆ. ಇಪ್ಪತ್ತು ವರ್ಷ ಸೂಜಿ ಹಿಡಿದ ಬೆರಳು, ತುದಿಯೆಲ್ಲ ದಡ್ಡುಗಟ್ಟಿದೆ. ಮೆಷಿನ್ ಮೂರು ಸಲ ಬೇಡ ಅಂತು. ಅಲ್ಲಿದ್ದ ಹುಡುಗ ಒದ್ದೆ ಟಿಶ್ಯೂ ಕೊಟ್ಟ, ಒರೆಸಿಕೊಂಡ ಮೇಲೆ ತಗೊಂಡಿತು. ನಾನು ಯಾವ ದೇಶದವಳು ಅಂತ ಕೇಳಲಿಲ್ಲ, ಏನು ಕೆಲಸ ಮಾಡ್ತೀರಿ ಅಂತ ಕೇಳಿದ.

ಹೋದ ತಿಂಗಳು ತಮ್ಮನ ಮಗಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗೂ ಪಾಸ್‌ಪೋರ್ಟ್. ನಾನು ಹೊರಗೆ ಕಾಯುತ್ತಿದ್ದೆ. ಬಂದವಳೇ ಹೇಳಿದಳು, "ಅತ್ತಿ, ಮೊದಲ್ನೇ ಫೋಟೋದಾಗ ಬರೇ ಕಣ್ಣ ಕಾಣ್ತಿದ್ವು. ಇನ್ನೊಂದ್ ಸಲ ತೆಗೀರಿ ಅಂದೆ. ಬೈತಾರೇನೋ ಅನ್ಕೊಂಡಿದ್ದೆ, ತೆಗದ್ರು."