ಕ್ಯಾನ್ಸರ್ ಡೇಟಾ ಮೊದಲ ಸಲ ಕೈಗೆ ಬಂದಾಗ

ಧಾರವಾಡ, ಕಲಬುರಗಿ ಕಡೆ ಎಂ.ಎಸ್ಸಿ. ಮುಗಿಸಿ ಕ್ಯಾನ್ಸರ್ ಡಿಎನ್‌ಎ ಡೇಟಾದ ಕೆಲಸಕ್ಕೆ ನವಿ ಮುಂಬೈನ ಖಾರ್ಘರ್‌ಗೆ ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು, ಪ್ರೋಗ್ರಾಮಿಂಗಿಗೆ ಪೈಥಾನ್ ಕಲಿಯಬೇಕಾ, ಆರ್ ಕಲಿಯಬೇಕಾ ಅಂತ. ಎರಡೂ ಬೇಕು. ಲಿನಕ್ಸ್ ಕಮಾಂಡ್ ಸಲೀಸಾಗಿ ಬಂದರೆ ಉಳಿದದ್ದು ಕೆಲಸ ಮಾಡುತ್ತಲೇ ಬರುತ್ತದೆ. ಕಷ್ಟ ಇರುವುದು ಬೇರೆ ಕಡೆ. ಪೈಪ್‌ಲೈನ್ (ಒಂದರ ಹಿಂದೊಂದು ಓಡುವ ಪ್ರೋಗ್ರಾಂಗಳು) ಕೊಟ್ಟ ಮ್ಯುಟೇಶನ್, ಅಂದರೆ ಡಿಎನ್‌ಎ ಬದಲಾವಣೆಗಳ ಪಟ್ಟಿಯಲ್ಲಿ ಯಾವುದನ್ನು ನಂಬಬೇಕು?

ಒಬ್ಬ ರೋಗಿಯಿಂದ ಎರಡು ಸ್ಯಾಂಪಲ್ ಬರುತ್ತವೆ. ಗೆಡ್ಡೆಯದೊಂದು, ರಕ್ತದ್ದೊಂದು. ರಕ್ತದಲ್ಲೂ ಇರುವ ಬದಲಾವಣೆ ಸಾಮಾನ್ಯವಾಗಿ ಹುಟ್ಟಿನಿಂದಲೇ ಬಂದದ್ದು. ಗೆಡ್ಡೆಯಲ್ಲಿ ಮಾತ್ರ ಇರುವುದು ನಮಗೆ ಬೇಕಾದದ್ದು. ಹಾಗಾಗಿ ಎರಡೂ ಒಬ್ಬರದೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಟ್ಯೂಬ್ ಅದಲುಬದಲಾಗುವುದು ಯಾವ ಲ್ಯಾಬ್‌ನಲ್ಲೂ ನಡೆಯಬಹುದು. ಎರಡು ಸ್ಯಾಂಪಲ್ ಒಬ್ಬರದೇ ಅಂತ ಪರೀಕ್ಷಿಸುವ ಸೊಮಾಲಿಯರ್ ಪ್ರೋಗ್ರಾಂ ಓಡಿಸಿದರೆ ಬೇಗ ಗೊತ್ತಾಗುತ್ತದೆ. ಮ್ಯುಟೇಶನ್ ಎಣಿಕೆ ವಿಪರೀತ ಜಾಸ್ತಿ ಬಂದಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಮುಂದಿನದು ರೆಫರೆನ್ಸ್, ಅಂದರೆ ರೋಗಿಯ ಡಿಎನ್‌ಎಯನ್ನು ಹೋಲಿಸುವ ಮಾದರಿ ಜೀನೋಮ್. ಟಿಪಿ53 ಜೀನಿನ ಆರ್175ಎಚ್ ಬದಲಾವಣೆ ಅದರ ಹಳೆ ಆವೃತ್ತಿ ಜಿಆರ್‌ಸಿಎಚ್37ರಲ್ಲಿ 17ನೇ ಕ್ರೋಮೋಸೋಮಿನ 7578406ನೇ ಜಾಗದಲ್ಲಿದೆ. ಹೊಸದಾದ 38ರಲ್ಲಿ ಅದೇ 7675088. ಹಳೆ ಫೈಲು, ಹೊಸ ಫೈಲು ಕಲಸಿಬಿಟ್ಟರೆ ಎಲ್ಲವೂ ತಪ್ಪು.

ಇಷ್ಟಾದ ಮೇಲೆ ಗೆಡ್ಡೆಯ ಮ್ಯುಟೇಶನ್ ಹುಡುಕುವ ಮ್ಯುಟೆಕ್ಟ್2 ಪ್ರೋಗ್ರಾಂ ಓಡಿಸಿ. ಪಟ್ಟಿ ಬಂದ ಕೂಡಲೇ ಜೀನ್ ಹೆಸರು ಹುಡುಕಬೇಡಿ. ಪ್ಯಾಥಾಲಜಿಸ್ಟ್ ಹತ್ತಿರ ಹೋಗಿ, ಈ ತುಂಡಿನಲ್ಲಿ ಕ್ಯಾನ್ಸರ್ ಜೀವಕೋಶ ಶೇಕಡಾ ಎಷ್ಟು ಅಂತ ಕೇಳಿ. ಫೋನಲ್ಲಿ ಕೇಳಬೇಡಿ, ಅವರ ಪಕ್ಕ ಕೂತು ಸ್ಲೈಡ್ ನೋಡಿ. ಶೇ 40 ಅಂದರೆ, ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ಇರುವ ಮ್ಯುಟೇಶನ್ ಸುಮಾರು ಶೇ 20 ರೀಡ್‌ಗಳಲ್ಲಿ (ಯಂತ್ರ ಓದಿದ ಡಿಎನ್‌ಎ ತುಣುಕುಗಳಲ್ಲಿ) ಕಾಣಬೇಕು. ಶೇ 3ರಲ್ಲಿ ಕಂಡರೆ? ಕೆಲವೇ ಕೋಶಗಳಲ್ಲಿ ನಿಜವಾಗಿ ಇರಬಹುದು, ಸುಳ್ಳೂ ಇರಬಹುದು. ಫಾರ್ಮಲಿನ್ ಹಾಕಿ ಮೇಣದಲ್ಲಿ ಇಟ್ಟ ಹಳೆ ಗೆಡ್ಡೆ ತುಂಡು (ಬ್ಲಾಕ್) ಆದರೆ ಇನ್ನೂ ಹುಷಾರು. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ, ಆಗ ಡಿಎನ್‌ಎ ಅಕ್ಷರ ಸಿ ಇದ್ದಲ್ಲಿ ಟಿ ಕಾಣುತ್ತದೆ.

ಆಮೇಲೆ ರೀಡ್‌ಗಳನ್ನು ತೋರಿಸುವ ಐಜಿವಿ ಸಾಫ್ಟ್‌ವೇರ್ ತೆರೆದು ಕಣ್ಣಾರೆ ನೋಡಿ. ಬದಲಾವಣೆ ಒಂದೇ ದಿಕ್ಕಿನ ರೀಡ್‌ಗಳಲ್ಲಿ ಮಾತ್ರ ಇದೆಯಾ? ರೀಡ್‌ಗಳ ತುದಿಯಲ್ಲೇ ಗುಂಪಾಗಿದೆಯಾ? ಹಾಗಿದ್ದರೆ ನಾನು ಅದನ್ನು ನಂಬುವುದಿಲ್ಲ. ಈ ಕೆಲಸ ಬೇಸರ ತರುತ್ತದೆ, ಆದರೆ ಕಣ್ಣು ಪಳಗುವುದು ಇಲ್ಲೇ.

ಪಟ್ಟಿಯಲ್ಲಿ ಟಿಟಿಎನ್ ಕಂಡರೆ ಖುಷಿಪಡಬೇಡಿ. ಅದು ಬಹಳ ಉದ್ದದ ಜೀನ್, ಉದ್ದ ಇರುವುದರಿಂದಲೇ ಮ್ಯುಟೇಶನ್ ಸಿಗುತ್ತದೆ. ನಮ್ಮ ಕಡೆ ತಂಬಾಕು ಜಗಿಯುವವರಿಗೆ ಬರುವ ಒಸಡು, ಕೆನ್ನೆ ಕ್ಯಾನ್ಸರ್ ಆದರೆ ಟಿಪಿ53, ಕ್ಯಾಸ್ಪ್8, ಫ್ಯಾಟ್1, ನಾಚ್1 ಗಮನಿಸಿ. ಇಲ್ಲಿನ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇವು ಮತ್ತೆ ಮತ್ತೆ ಕಂಡಿವೆ. ರಕ್ತದ ಸ್ಯಾಂಪಲ್ ಇಲ್ಲದಿದ್ದರೆ ಹುಟ್ಟಿನಿಂದ ಬಂದದ್ದನ್ನು ಬೇರ್ಪಡಿಸಲು ನೋಮ್ಯಾಡ್ (ನಾನಾ ದೇಶದ ಜನರ ಡಿಎನ್‌ಎ ಬದಲಾವಣೆಗಳ ಸಂಗ್ರಹ) ಒಂದೇ ಸಾಲದು, ಅದರಲ್ಲಿ ನಮ್ಮವರು ಕಡಿಮೆ. 1029 ಭಾರತೀಯರ ಇಂಡಿಜೆನ್ ಡೇಟಾವನ್ನೂ ಹೋಲಿಸಿ.

ಪರೇಲ್‌ನ ಟಾಟಾ ಆಸ್ಪತ್ರೆ ಹೊರಗೆ ನಿಂತರೆ ಉತ್ತರ ಕರ್ನಾಟಕದ ಮಾತು ಕಿವಿಗೆ ಬೀಳುತ್ತದೆ. ನಮ್ಮ ಫೈಲುಗಳಲ್ಲಿ ಇರುವುದು ಅಂಥವರ ಗೆಡ್ಡೆಯೇ ಅಲ್ವಾ? ಅದಕ್ಕೇ ಡಾಕ್ಟರ್‌ಗೆ ಪಟ್ಟಿ ಕಳಿಸುವಾಗ ಪ್ರತಿ ಮ್ಯುಟೇಶನ್ ಪಕ್ಕ ಒಟ್ಟು ರೀಡ್ ಎಷ್ಟು, ಬದಲಾದದ್ದು ಎಷ್ಟು ಅಂತ ಬರೆಯಿರಿ. ಅನುಮಾನ ಇರುವವನ್ನು ಬೇರೆ ಹಾಳೆಯಲ್ಲಿ, ಕಾರಣ ಸಮೇತ ಇಡಿ.